ಬೆಳ್ಳಿತೆರೆಯೂ ಪರಿಸರದ ಹೊಣೆಯೂ

ಗಿಡ ನೆಡಿರಿ, ನೀರು ಉಳಿಸಿರಿ ಎಂಬ ಉಪದೇಶವನ್ನು ನಮ್ಮ ಮಕ್ಕಳು ಬಾಲವಾಡಿಯಿಂದಲೇ ಕೇಳುತ್ತ ಬಂದಿದ್ದಾರೆ. ಅದರ ಮೇಲೆ ಪ್ರಬಂಧ ಬರೆದು ಬಹುಮಾನವನ್ನೂ ಪಡೆದಿದ್ದಾರೆ. ಆದರೆ ಹದಿಮೂರು ತುಂಬುತ್ತಲೇ ಅದೇ ಮಾತು ಕಿವಿಗೆ ಬಿದ್ದೊಡನೆ ಅವರ ಮುಖ ಬೇರೆಡೆಗೆ ತಿರುಗುತ್ತದೆ. ಇದು ಅವರ ದೋಷವಲ್ಲ, ಆ ವಯಸ್ಸಿನ ಗುಣ. ಉಪದೇಶವನ್ನು ಒಲ್ಲದ ಆ ಮನಸ್ಸು ಕಥೆಯನ್ನು ಒಲ್ಲೆನೆನ್ನುವುದಿಲ್ಲ. ಆದುದರಿಂದಲೇ ಚಲನಚಿತ್ರವು ಹದಿಹರೆಯದವರ ಶಿಕ್ಷಣಕ್ಕೆ ಸಮರ್ಥವಾದ ಸಾಧನವಾಗಬಲ್ಲದು.

ಈ ವಿಚಾರ ಹೊಸದಲ್ಲ. ಪರಿಸರವನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿ ಸೇರಿಸಲಾಯಿತು. 1991ರಲ್ಲಿ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲಿಯೂ ಪರಿಸರಕ್ಕೆ ಸಂಬಂಧಿಸಿದ ಕನಿಷ್ಠ ಎರಡು ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕೆಂದು ಆದೇಶವಿತ್ತಿತು. ಆದರೆ ಕಣ್ಣ ಮುಂದೆ ಕ್ಷಣಕಾಲ ಹಾದುಹೋದದ್ದು ಮನಸ್ಸಿನಲ್ಲಿ ನಿಲ್ಲದು. ನೋಡಿದುದನ್ನು ಕುರಿತು ಮಾತನಾಡಿದಾಗಲೇ ಅದು ಪಾಠವಾಗುತ್ತದೆ.

ಯಾವ ಚಿತ್ರಗಳು?

ಮೊದಲಿಗೆ ಚಿಕ್ಕದೊಂದನ್ನು ಆರಿಸಿಕೊಳ್ಳುವುದು ಲೇಸು. ಕಾರ್ತಿಕಿ ಗೊನ್ಸಾಲ್ವಿಸ್ ಅವರ 'ದಿ ಎಲಿಫೆಂಟ್ ವಿಸ್ಪರರ್ಸ್' (2022) ಸುಮಾರು ನಲವತ್ತು ನಿಮಿಷಗಳ ಸಾಕ್ಷ್ಯಚಿತ್ರ. ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೈಯಲ್ಲಿ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳು ತಬ್ಬಲಿ ಆನೆಮರಿಗಳನ್ನು ಸಾಕಿದ ಕಥೆ ಅದು. 2023ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು.

ನಗರದಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' (2022) ಹತ್ತಿರವಾದೀತು. ದಿಲ್ಲಿಯ ಕಲುಷಿತ ಆಕಾಶದಿಂದ ಬಿದ್ದ ಹದ್ದುಗಳಿಗೆ ಶುಶ್ರೂಷೆ ಮಾಡುವ ಸೋದರರ ಚಿತ್ರವಿದು. ಪ್ರಕೃತಿಯೆಂದರೆ ದೂರದ ಕಾಡು ಮಾತ್ರವಲ್ಲ, ನಮ್ಮ ಮಾಳಿಗೆಯ ಮೇಲಿನ ಆಕಾಶವೂ ಹೌದೆಂಬುದನ್ನು ಅದು ಕಾಣಿಸುತ್ತದೆ.

ತುಸು ದೊಡ್ಡವರಿಗೆ ಗಿರೀಶ ಕಾಸರವಳ್ಳಿಯವರ 'ದ್ವೀಪ' (2002). ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅಣೆಕಟ್ಟಿನ ಹಿನ್ನೀರು ಒಂದು ಸಂಸಾರದ ಅಂಗಳದವರೆಗೆ ಏರಿಬರುತ್ತದೆ. ಮುಂಬಯಿಯ ನಲ್ಲಿಯಲ್ಲಿ ಬರುವ ನೀರು ಕೂಡ ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ದೂರದ ಜಲಾಶಯಗಳದು. "ನಮ್ಮ ಬಾಲ್ದಿ ತುಂಬಲು ಯಾರ ಅಂಗಳ ಮುಳುಗಿತು?" ಎಂಬ ಪ್ರಶ್ನೆ ಮಗುವಿನ ಬಾಯಿಂದಲೇ ಬಂದರೆ, ನಲ್ಲಿಯನ್ನು ನಿಲ್ಲಿಸೆಂದು ಬೇರೆ ಹೇಳಬೇಕಾಗಿಲ್ಲ.

ತೋರಿಸುವ ಕ್ರಮ

ಆರಂಭದಲ್ಲಿ ಭಾಷಣ ಬೇಡ. ಒಂದೇ ಪ್ರಶ್ನೆ ಸಾಕು. ಚಿತ್ರದ ನಡುವೆ ಹಿರಿಯರು ವ್ಯಾಖ್ಯಾನ ಮಾಡಬಾರದು. ಮುಗಿದ ಮೇಲೆ ಮೂರು ಪ್ರಶ್ನೆಗಳನ್ನಿಡಿರಿ: ಲಾಭ ಯಾರಿಗೆ? ನಷ್ಟ ಯಾರಿಗೆ? ಈ ಕಥೆಯಲ್ಲಿ ನಾವು ಎಲ್ಲಿದ್ದೇವೆ? ಮಕ್ಕಳು ಒಪ್ಪದಿದ್ದರೆ ವಾದಿಸಲಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತನಾಡಿದರೂ ತಡೆಯಬೇಡಿರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿನಾಶದ ದೃಶ್ಯಗಳನ್ನೇ ತೋರಿಸುತ್ತ ಹೋದರೆ ಎಳೆಯ ಮನಸ್ಸಿನಲ್ಲಿ ಭಯವೂ ನಿರಾಶೆಯೂ ನೆಲೆಸುತ್ತವೆ. ಕಣ್ಣೀರು ಬಂದ ಮಾತ್ರಕ್ಕೆ ಹೊಣೆಗಾರಿಕೆ ಬಂತೆಂದು ತಿಳಿಯಲಾಗದು. ಆದುದರಿಂದ ಅದೇ ವಾರದೊಳಗೆ ಕೈಗೂಡುವ ಒಂದು ಕೆಲಸ ಅವರಿಗಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮಲ್ಲನೇಕರು ಮರೆತಿಲ್ಲ. ಪ್ಲಾಸ್ಟಿಕ್ ತುಂಬಿದ ಚರಂಡಿಗಳು ಆ ನೀರಿಗೆ ದಾರಿ ಕೊಡಲಿಲ್ಲ. ನೀರಿಳಿದ ಮೇಲೆ ಇಲಿಜ್ವರ ಹಬ್ಬಿತು. ಡೆಂಗ್ಯೂ ಹರಡುವ ಸೊಳ್ಳೆಯೋ, ಬಿಸಾಡಿದ ಒಂದು ಲೋಟದಲ್ಲಿ ನಿಂತ ತಿಳಿನೀರಿನಲ್ಲೂ ಮೊಟ್ಟೆಯಿಡುತ್ತದೆ. ಕಟ್ಟಡದ ಸುತ್ತ ವಾರಕ್ಕೊಮ್ಮೆ ಅಂಥ ನೀರನ್ನು ಹುಡುಕಿ ಚೆಲ್ಲುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ಪರಿಸರ ರಕ್ಷಣೆಯೂ ಆರೋಗ್ಯ ರಕ್ಷಣೆಯೂ ಬೇರೆ ಬೇರೆಯಲ್ಲವೆಂದು ಅವರು ಆಗ ಅರಿಯುತ್ತಾರೆ.

ಹಿರಿಯರಿಗೂ ಪಾಠ

ಕೆಲವು ವರ್ಷಗಳ ಹಿಂದೆ ಇಂಥದೊಂದು ಪ್ರದರ್ಶನದ ಬಳಿಕ ಉಪ್ಪಿಟ್ಟು ಹಂಚುತ್ತಿದ್ದೆವು. ಹುಡುಗನೊಬ್ಬ ಕೈಯಲ್ಲಿದ್ದ ಥರ್ಮೋಕೋಲ್ ತಟ್ಟೆಯನ್ನು ನೋಡುತ್ತ, "ಅಂಕಲ್, ಈ ತಟ್ಟೆ ನಾಳೆ ಎಲ್ಲಿರುತ್ತದೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಸಭೆಗೆ ಸ್ಟೀಲ್ ತಟ್ಟೆಗಳು ಬಂದವು. ತೊಳೆಯುವವರು ಯಾರೆಂಬ ಚರ್ಚೆ ನಮ್ಮ ಹಿರಿಯರಲ್ಲಿ ನಡೆಯುತ್ತಿರುವಾಗಲೇ ಆ ಹುಡುಗನೂ ಅವನ ಗೆಳೆಯರೂ ತೋಳು ಮಡಚಿ ನಲ್ಲಿಯ ಬಳಿ ನಿಂತಿದ್ದರು.

ಮಕ್ಕಳಿಗೆ ಚಿತ್ರ ತೋರಿಸುವವರು ತಾವೂ ಅವರ ಪಕ್ಕದಲ್ಲಿ ಕುಳಿತು ನೋಡಬೇಕು. ತೆರೆಯ ಮೇಲಿನ ಚಿತ್ರ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮನೆಯಲ್ಲಿ ನಾವು ತೋರಿಸುವ ಚಿತ್ರವನ್ನಾದರೋ ಅವರು ದಿನವೂ ನೋಡುತ್ತಿರುತ್ತಾರೆ.