ಮೀಟರಿನ ಕೆಂಪು ಮಿಣುಕು

ಬಸವನಗುಡಿ

ಪುಟ್ಟಿ,

ಬಿಲ್ಲಿನ ಫೋಟೋ ನೋಡಿದೆ. 207 ಯೂನಿಟ್. ಇಷ್ಟು ದಿನ ಸೊನ್ನೆ ಬರ್ತಿದ್ದ ಕೆಇಬಿ ಬಿಲ್ಲು (2002ರಿಂದ ಬೆಸ್ಕಾಂ ಆದರೂ ನನ್ನ ಬಾಯಿಗೆ ಅದು ಬರಲ್ಲ) ಸಾವಿರ ದಾಟಿದ್ದಕ್ಕೆ ಗಾಬರಿಯಾಗಬೇಡ. ಗೃಹಜ್ಯೋತಿಯಲ್ಲಿ 200 ದಾಟಿತು ಅಂದ್ರೆ ಮೇಲಿನ ಏಳಕ್ಕೆ ಮಾತ್ರ ಕಟ್ಟಿದರಾಗಲ್ಲ, ಅಷ್ಟೂ ಯೂನಿಟ್ಟಿಗೆ ಕಟ್ಟಬೇಕು. ಏಳೆಂಟು ಯೂನಿಟ್ ಎಲ್ಲಿ ಸೋರಿತು ಅಂತ ಸಿಕ್ಕಿದರೆ ನಿನ್ನ ಕೆಲಸ ಮುಗೀತು.

ನನಗೆ ಗೀಸರ್ ಮೇಲೆ ಅನುಮಾನ. 2000 ವಾಟ್‌ದು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 15 ಲೀಟರ್ ನೀರು ಸ್ನಾನಕ್ಕೆ ಕಾಯೋಕೆ ಕಾಲು ಗಂಟೆ ಸಾಕು. ತಾನಾಗಿ ಆಫ್ ಆಗುತ್ತಲ್ಲಾ ತಾತ ಅಂತೀಯ. ಆಗುತ್ತೆ, ಆದರೆ ನೀರು ಆರಿದ ಹಾಗೆಲ್ಲ ಮತ್ತೆ ಹೊತ್ತಿಕೊಳ್ಳುತ್ತೆ. ನೀರು ಕಾದ ಕೂಡಲೇ ನಮ್ಮಮ್ಮ ಹಂಡೆ ಒಲೆಯ ಕೊಳ್ಳಿಯನ್ನೂ ಹೊರಗೆಳೆದು ಆರಿಸ್ತಿದ್ದಳು.

ಅನುಮಾನದ ಮಾತು ಇರಲಿ, ಮೀಟರನ್ನೇ ಕೇಳು. ರಾತ್ರಿ ಎಲ್ಲಾ ಆರಿಸಿ, ಫ್ರಿಜ್ಜಿನ ಪ್ಲಗ್ ಕೂಡ ತೆಗೆದು, ಮೀಟರಿನ ಕೆಂಪು ದೀಪ ನೋಡ್ತಾ ನಿಂತುಕೋ. ಅದರ ಮೇಲೆ 3200 ಅಂತಿದ್ದರೆ, ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. ಹತ್ತು ನಿಮಿಷಕ್ಕೆ 32 ಮಿಣುಕು ಬಂತು ಅನ್ನು: ಯಾರೂ ಏನೂ ಹಾಕದೆ ತಿಂಗಳಿಗೆ 43 ಯೂನಿಟ್! ಆಗ ಮೇನ್ ಆಫ್ ಮಾಡಿ ನೋಡು. ಬೋರ್ಡು ಮಾತ್ರ ಬಿಚ್ಚಬೇಡ, ಅದಕ್ಕೆ ಎಲೆಕ್ಟ್ರಿಷಿಯನ್ ಇದ್ದಾನೆ.

ನಾನು ಮದುವೆಯಾದ ಹೊಸದರಲ್ಲಿ ಚಾಮರಾಜಪೇಟೆಯ ವಠಾರದಲ್ಲಿದ್ದಾಗ ಹೀಗೇ ಮೇನ್ ಎಳೆದೆ. ಮಹಡಿ ಮೆಟ್ಟಿಲಿನ ದೀಪ ಆರಿತು, ಗಳಗಳ ಅಂತಿದ್ದ ಬಾವಿಯ ಮೋಟಾರೂ ನಿಂತಿತು. ಮೇಲಿಂದ ಯಾರೋ "ಕರೆಂಟ್ ಹೋಯ್ತು!" ಅಂತ ಕೂಗಿದರು. ಇಡೀ ವಠಾರಕ್ಕೆ ನೀರು ಹತ್ತಿಸ್ತಿದ್ದದ್ದು ನನ್ನ ಮೀಟರು! ಓನರ್ ಅಜ್ಜಿಗೂ ಗೊತ್ತಿರಲಿಲ್ಲ, ಪಾಪ. ಎರಡು ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಅಂದಳು. ನಿನ್ನ ಮಲ್ಲೇಶ್ವರದ ಮನೆಯೂ ಪೋರ್ಷನ್ನೇ ತಾನೆ? ಸಂಪಿನ ಮೋಟಾರು ಯಾರ ಲೈನಿನಲ್ಲಿದೆ ನೋಡು. ಓನರ್ ಹತ್ತಿರ ಮಾತಾಡೋದು ಆಮೇಲೆ.

ಒಂದು ವಾರ ಬೆಳಗ್ಗೆ ರಾತ್ರಿ ರೀಡಿಂಗ್ ಬರೆದಿಡು. ಭಾನುವಾರ ಆ ಚೀಟಿ ತಗೊಂಡು ಬಾ, ಕೂತು ಲೆಕ್ಕ ಹಾಕೋಣ. ಅಜ್ಜಿ ಹಿತಕಿದ ಬೇಳೆ ಸಾರು ಮಾಡ್ತಾಳಂತೆ. ಅವರೆಕಾಳು ಹಿತುಕೋ ಕೆಲಸ ನನ್ನ ತಲೆಗೆ ಬಿದ್ದಿದೆ.

ಇಂತಿ ನಿನ್ನ ತಾತ