ಛಾಯಾಚಿತ್ರದ ಫೈಲುಗಳ ಗಾತ್ರವೂ ಅವುಗಳ ಪಾಲನೆಯೂ

ಈ ಸ್ಮರಣ ಸಂಚಿಕೆಗಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳಿಂದಲೂ ನಮ್ಮ ಹಳೆಯ ವಿದ್ಯಾರ್ಥಿನಿಯರು ಪ್ರೀತಿಪೂರ್ವಕವಾಗಿ ಕಳುಹಿಸಿದ ಛಾಯಾಚಿತ್ರಗಳು ಬಂದು ಸೇರುತ್ತಲೇ, ಶಾಲೆಯ ಗಣಕಯಂತ್ರವು ಮಿತಿಮೀರಿ ಹೇರಿದ ಗಾಡಿಯ ಎತ್ತಿನಂತೆ ನಿಂತಲ್ಲೇ ನಿಂತುಬಿಟ್ಟಿತು. “ದೊಡ್ಡ ಫೈಲುಗಳನ್ನೆಲ್ಲ ಚಿಕ್ಕವಾಗಿ ಮಾಡಿಬಿಡೋಣವೇ?” ಎಂದು ಹತ್ತನೆಯ ತರಗತಿಯ ಮಕ್ಕಳು ಕೇಳಿದರು. ಈ ಪ್ರಶ್ನೆಗೆ ಹಿಂದೊಮ್ಮೆ ಹೌದೆಂದು ಹೇಳಿ ಕೆಟ್ಟವರು ನಾವು. ಆದಕಾರಣ ಈ ಸಾರಿ ನಿಧಾನವಾಗಿ ಉತ್ತರ ಕೊಡಬೇಕೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಭಾರವು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ತಿಳಿಯತಕ್ಕದ್ದು. ಗಣಕಯಂತ್ರದೊಳಗಿನ ಚಿತ್ರವೆಂಬುದು ನಮ್ಮ ಹೊಲಿಗೆಯ ತರಗತಿಯಲ್ಲಿ ಎಣಿಸಿ ಹಾಕುವ ಕಸೂತಿಯಂತೆ, ಸಾಲುಸಾಲಾಗಿ ಇಟ್ಟ ಬಣ್ಣದ ಬಿಂದುಗಳ ಸಮೂಹವೇ ಹೊರತು ಬೇರೇನೂ ಅಲ್ಲ. ಈ ಬಿಂದುಗಳಿಗೆ ಪಿಕ್ಸೆಲುಗಳೆಂದು ಹೆಸರು. ಒಂದು ಸಾಧಾರಣ ಒಳ್ಳೆಯ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000, ಮೇಲಿಂದ ಕೆಳಕ್ಕೆ 4000, ಒಟ್ಟು 2 ಕೋಟಿ 40 ಲಕ್ಷ ಬಿಂದುಗಳಿರುತ್ತವೆ. ಪ್ರತಿಯೊಂದು ಬಿಂದುವಿನ ಕೆಂಪು, ಹಸಿರು, ನೀಲಿಗಳ ಲೆಕ್ಕವನ್ನಿಡಲು ಮೂರು ಬೈಟುಗಳು ಬೇಕಾಗುವುದರಿಂದ ತೆರೆದ ಚಿತ್ರದ ಗಾತ್ರ 72 ಮೆಗಾಬೈಟು. ಬಣ್ಣದ ಛಾಯೆಗಳನ್ನು ಇನ್ನೂ ನಯವಾಗಿ ಹಿಡಿಯುವ 16 ಬಿಟ್ಟಿನ ಕ್ರಮದಲ್ಲಿಟ್ಟರೆ ಅದು ಇಮ್ಮಡಿಯಾಗಿ 144 ಮೆಗಾಬೈಟಾಗುವುದು. ಚಿತ್ರದ ಮೇಲೆ ಅದರದೇ ಪೂರ್ಣ ನಕಲನ್ನು ಇನ್ನೊಂದು ಪದರವಾಗಿ ಹಾಸಿದರೆ ಮತ್ತೆ ಅಷ್ಟೇ ಭಾರ ಸೇರುವುದು. ಹೀಗೆ ಐದು ಪದರಗಳಾದರೆ 720 ಮೆಗಾಬೈಟು! ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇಂಥ ನಾಲ್ಕಾರು ಚಿತ್ರಗಳಿಗೆ ಸ್ಥಳ ಸಾಲದೆ, ಯಂತ್ರವು ಡಿಸ್ಕಿನ ಮೇಲೆ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ಇದರಲ್ಲಿಯೇ ಹೊತ್ತು ಕಳೆಯುತ್ತದೆ. ಅದು ಮೊಂಡುತನವಲ್ಲ.

ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಈ ಲೆಕ್ಕವು ನಮಗೆ ಚೆನ್ನಾಗಿ ಮನದಟ್ಟಾಯಿತು. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಆ ದೇವಾಲಯದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ: ದಕ್ಷಿಣಕ್ಕೆ ರಾಮಾಯಣದವು 70, ಉತ್ತರಕ್ಕೆ ಕೃಷ್ಣಚರಿತ್ರೆಯವು 25, ಭಾರತದವು 45. ಒಂದೊಂದಕ್ಕೆ ಒಂದೇ ಚಿತ್ರ ತೆಗೆದರೂ, ತೆರೆದ ಲೆಕ್ಕದಲ್ಲಿ 10 ಗಿಗಾಬೈಟು ದಾಟುತ್ತದೆ. ನಮ್ಮ ಹುಡುಗಿಯರು ಒಂದೊಂದಕ್ಕೆ ನಾಲ್ಕೈದು ತೆಗೆದಿದ್ದರು. ಅಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಬಿ. ಎಲ್. ರೈಸ್ ಸಾಹೇಬರು ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1901ರಲ್ಲಿ ಪ್ರಕಟಿಸಿದರು. ಆ ಸಂಪುಟದ ಯಾವುದಾದರೊಂದು ಅಕ್ಷರದಲ್ಲಿ ಈಗ ಯಾರಿಗಾದರೂ ಸಂದೇಹ ಬಂದರೆ ಕಲ್ಲು ನಿಂತಿದೆ, ಹೋಗಿ ಓದಿಕೊಳ್ಳಬಹುದು. ಕಲ್ಲನ್ನು ಕೆತ್ತಿ ಪುಸ್ತಕದಷ್ಟು ಚಿಕ್ಕದು ಮಾಡಿ ಇಟ್ಟುಕೊಳ್ಳೋಣವೆಂದು ಯಾರೂ ಹೇಳಲಿಲ್ಲವಷ್ಟೆ.

ನಾವು ಮಾಡಿದ್ದು ಅದನ್ನೇ. ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಕಡೆಯ ಒಂದು ಕುಟುಂಬದವರು, ತಮ್ಮ ತಾಯಿ ನಮ್ಮ ಶಾಲೆಯಲ್ಲಿ ಓದಿದ ಕಾಲದ ಗುಂಪುಚಿತ್ರವೊಂದನ್ನು ಸಂಚಿಕೆಗೆಂದು ತಂದುಕೊಟ್ಟರು. 8 ಅಂಗುಲ ಅಗಲ, 6 ಅಂಗುಲ ಎತ್ತರದ ಆ ಕಾಗದವನ್ನು ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನು ಮಾಡಿದಾಗ 4800ಕ್ಕೆ 3600 ಬಿಂದುಗಳ, 52 ಮೆಗಾಬೈಟಿನ ಚಿತ್ರವಾಯಿತು. ಯಂತ್ರವು ನಿಧಾನವಾಗಲು, ಚಿಕ್ಕದು ಮಾಡಿರೆಂದು ನಾವೇ ಅಪ್ಪಣೆ ಕೊಟ್ಟೆವು. ಅಗಲವನ್ನು 800 ಬಿಂದುಗಳಿಗೆ ಇಳಿಸಿ, ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ ಉಳಿಸಲಾಯಿತು. ಕಾಗದವನ್ನು ಗೌರವದಿಂದ ಹಿಂದಿರುಗಿಸಿದೆವು. ಮರುವರ್ಷದ ಮಳೆಗಾಲದಲ್ಲಿ ಅವರ ಮನೆ ಸೋರಿ, ಆ ಕಾಗದವು ಪೆಟ್ಟಿಗೆಯೊಳಗೇ ಕರಗಿಹೋಯಿತು. ಆಮೇಲೆ ತಾಯಿ ತೀರಿಕೊಂಡಾಗ ಮಗಳು ಬಂದು, ತಾಯಿಯ ಮುಖವನ್ನಷ್ಟೇ ದೊಡ್ಡದು ಮಾಡಿಕೊಡಬೇಕೆಂದು ಕೇಳಿಕೊಂಡರು. ಮೊದಲಿನ ಚಿತ್ರದಲ್ಲಿ ಆ ಮುಖದ ಅಗಲ ಸುಮಾರು 150 ಬಿಂದುಗಳಿದ್ದೀತು. ನಮ್ಮಲ್ಲಿ ಉಳಿದದ್ದು 25. ದೊಡ್ಡದು ಮಾಡಿದರೆ ಚೌಕಚೌಕವಾದ ಬೂದುಬಣ್ಣವಲ್ಲದೆ ಕಣ್ಣು ಯಾವುದು, ಹುಬ್ಬು ಯಾವುದು ಎಂಬುದೇ ತಿಳಿಯದು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದೊಂದು ಚಿತ್ರಕ್ಕೂ ಮೂರು ಪ್ರತಿಗಳೆಂಬ ನಿಯಮವಾಗಿದೆ. ಮೂಲಪ್ರತಿಯನ್ನು ಯಾರೂ ತಿದ್ದಕೂಡದು. ಕ್ಯಾಮೆರಾದ ಚಿತ್ರವಾದರೆ ಅದು ಕೊಟ್ಟ ರೂಪದಲ್ಲಿಯೇ, ಸ್ಕ್ಯಾನು ಮಾಡಿದ್ದಾದರೆ ಟಿಫ್ ರೂಪದಲ್ಲಿ, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಲ್ಲಿ ಅದನ್ನು ಇಡುತ್ತೇವೆ. ಒಂದು ಡಿಸ್ಕು ಶಾಲೆಯಲ್ಲಿರುತ್ತದೆ, ಇನ್ನೊಂದು ಬೇರೆ ಕಟ್ಟಡದಲ್ಲಿ. ಎರಡನೆಯದು ಕೆಲಸದ ಪ್ರತಿ, ಮೂರನೆಯದು ಕಳುಹಿಸುವ ಪ್ರತಿ. ಗಾತ್ರ ಇಳಿಸುವ ಕೆಲಸವೆಲ್ಲ ಈ ಕೊನೆಯದರಲ್ಲಿ ಮಾತ್ರ ನಡೆಯತಕ್ಕದ್ದು.

ಸ್ಕ್ಯಾನು ಮಾಡುವಾಗಲೂ ಅತಿಯಾಸೆ ಬೇಡ. 600ರ ಬದಲು 1200 ಬಿಂದುಗಳೆಂದರೆ ಭಾರವು ಇಮ್ಮಡಿಯಲ್ಲ, ನಾಲ್ಮಡಿ; ಅಗಲವೂ ಎತ್ತರವೂ ಎರಡೂ ಇಮ್ಮಡಿಯಾಗುತ್ತವಲ್ಲವೇ? ಹಳೆಯ ಮುದ್ರಿತ ಚಿತ್ರಗಳಲ್ಲಿ ಬಹುಮಟ್ಟಿಗೆ ಅಷ್ಟು ಸೂಕ್ಷ್ಮವೇ ಇರುವುದಿಲ್ಲ. ಕಪ್ಪು ಬಿಳುಪಿನ ಚಿತ್ರವನ್ನು ಬೂದುಬಣ್ಣದ ಕ್ರಮದಲ್ಲಿಟ್ಟರೆ ಭಾರವು ಮೂರರಲ್ಲಿ ಒಂದಕ್ಕೆ ಇಳಿಯುವುದು ನಿಜ. ಆದಾಗ್ಯೂ ಕಂದಿದ ಹಳದಿ ಚಿತ್ರಗಳನ್ನು ನಾವು ಬಣ್ಣದಲ್ಲಿಯೇ ಹಿಡಿಯುತ್ತೇವೆ. ಕಲೆ ಯಾವುದು, ಚಿತ್ರ ಯಾವುದು ಎಂದು ಬೇರ್ಪಡಿಸಲು ಆ ಬಣ್ಣವೇ ಸಹಾಯಕ.

ಕೆಲಸದ ಪ್ರತಿಯಲ್ಲಿ ಪೂರ್ಣ ನಕಲು ಪದರಗಳ ಬದಲಾಗಿ, ಬೆಳಕು ಬಣ್ಣಗಳನ್ನು ಹೊಂದಿಸುವ ಪದರಗಳನ್ನು ಬಳಸಿದರೆ ಹೆಚ್ಚು ಭಾರವಾಗದು. ಅವುಗಳಲ್ಲಿ ಚಿತ್ರವಿರುವುದಿಲ್ಲ, ಸೂಚನೆ ಮಾತ್ರ ಇರುತ್ತದೆ. ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್ ಎಂಬ ತಂತ್ರಾಂಶವಂತೂ ಮೂಲವನ್ನು ಮುಟ್ಟದೆ, ತಿದ್ದುಪಡಿಗಳನ್ನಷ್ಟೇ ಪಕ್ಕದಲ್ಲೊಂದು ಪುಟ್ಟ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮಂಥ ಶಾಲೆಗಳಿಗೆ ಅದೇ ಸಾಕೆಂದು ನಮ್ಮ ಅಭಿಪ್ರಾಯ. ಫೋಟೋಶಾಪನ್ನು ಬಳಸುವವರು ಅದರ ಪಿಎಸ್‌ಡಿ ರೂಪಕ್ಕೆ 2 ಗಿಗಾಬೈಟೇ ಮೇರೆಯೆಂದೂ, ಅದನ್ನು ಮೀರಿದರೆ ಪಿಎಸ್‌ಬಿ ರೂಪದಲ್ಲಿ ಉಳಿಸಬೇಕೆಂದೂ ನೆನಪಿಡಲಿ. 16 ಬಿಟ್ಟಿನ ಟಿಫನ್ನು ಜಿಪ್ ಕ್ರಮದಿಂದ ಒತ್ತಿದರೆ ಗಾತ್ರ ಕಡಿಮೆಯಾಗುತ್ತದೆ, ಒಂದು ಬಿಂದುವೂ ನಷ್ಟವಾಗುವುದಿಲ್ಲ. ಎಲ್‌ಜೆಡ್‌ಡಬ್ಲ್ಯೂ ಕ್ರಮವನ್ನು ಆರಿಸಿದರೆ ಕೆಲವೊಮ್ಮೆ ಗಾತ್ರ ಹೆಚ್ಚುವುದೂ ಉಂಟು.

1992ರಲ್ಲಿ ನಿಯಮಬದ್ಧವಾದ ಜೆಪೆಗ್ ರೂಪದ ಸ್ವಭಾವವೇ ಬೇರೆ. ಅದು ಚಿತ್ರವನ್ನು 8ಕ್ಕೆ 8 ಬಿಂದುಗಳ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಸಾಡುತ್ತದೆ. 72 ಮೆಗಾಬೈಟು ಸುಮಾರು 10 ಆಗಬಹುದು. ಆದರೆ ತೆರೆದು ತಿದ್ದಿ ಉಳಿಸಿದಷ್ಟು ಸಾರಿಯೂ ಇನ್ನಷ್ಟು ಸವೆಯುತ್ತದೆ. ಆದಕಾರಣ ಕೊನೆಯಲ್ಲಿ ಒಂದೇ ಸಾರಿ ಜೆಪೆಗ್ ಮಾಡತಕ್ಕದ್ದು. ಈ ಸಂಚಿಕೆಯ ಪುಟದಲ್ಲಿ 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರಕ್ಕೆ ಅಂಗುಲಕ್ಕೆ 300ರಂತೆ 1800ಕ್ಕೆ 1200 ಬಿಂದುಗಳು ಸಾಕು. ಅಂದರೆ ಕ್ಯಾಮೆರಾ ಕೊಟ್ಟಿದ್ದರಲ್ಲಿ ಹನ್ನೊಂದನೆಯ ಒಂದು ಪಾಲು. ಮುದ್ರಣಾಲಯಕ್ಕೆ ಅಷ್ಟನ್ನೇ ಕಳುಹಿಸುತ್ತೇವೆ. ಇನ್ನು ನಮಗೆ ಚಿತ್ರ ಕಳುಹಿಸುವ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ: ವಾಟ್ಸಾಪು ಚಿತ್ರವನ್ನು ತಾನೇ ಕುಗ್ಗಿಸಿಬಿಡುವುದರಿಂದ, ದಯಮಾಡಿ ಡಾಕ್ಯುಮೆಂಟ್ ಎಂಬ ದಾರಿಯಿಂದ ಕಳುಹಿಸಿರಿ.

ಕುಗ್ಗಿದ ಮುಖವನ್ನು ಯಂತ್ರಬುದ್ಧಿಯಿಂದ ಹಿಗ್ಗಿಸುವ ತಂತ್ರಾಂಶಗಳು ಈಗ ಬಂದಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಆ 25 ಬಿಂದುಗಳ ಮುಖವನ್ನು ನಾವು ಅದಕ್ಕೂ ಕೊಟ್ಟು ನೋಡಿದೆವು. ರೆಪ್ಪೆ, ತುಟಿ, ಕೂದಲ ಎಳೆ ಎಲ್ಲವೂ ಸ್ಪಷ್ಟವಾಗಿ ಮೂಡಿ, ಬಹಳ ಸುಂದರವಾದ ಮುಖವೊಂದು ಬಂತು. ಅದನ್ನು ಅಚ್ಚು ಹಾಕಿಸಿ ಮಗಳ ಕೈಗೆ ಕೊಟ್ಟೆವು. ಅವರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟು, “ಚೆನ್ನಾಗೈತೆ ಟೀಚರಮ್ಮ, ಆದ್ರೆ ಇದು ನಮ್ಮವ್ವ ಅಲ್ಲ” ಅಂದರು.