ತರಗತಿಯ ರಬ್ಬರ್ ಗಿಡ ಎಲೆ ಉದುರಿಸುವುದೇಕೆ?

ಜುಲೈ ತಿಂಗಳ ಜಡಿಮಳೆ. ತರಗತಿಯ ಮೂಲೆಯಲ್ಲಿಟ್ಟ ಚಟ್ಟಿಯ ರಬ್ಬರ್ ಗಿಡದಲ್ಲಿ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಬೀಳುತ್ತಿವೆ. ನೀವೇನು ಮಾಡ್ತೀರಿ? ಬೆಳಿಗ್ಗೆ ಒಬ್ಬರು ಒಂದು ಚೊಂಬು ನೀರು ಹೊಯ್ಯುತ್ತೀರಿ. ಮಧ್ಯಾಹ್ನ ಇನ್ನೊಬ್ಬರು ಬಾಟ್ಲಿಯಲ್ಲಿ ಉಳಿದದ್ದನ್ನೂ ಹೊಯ್ಯುತ್ತೀರಿ. ಪಾಪ, ಪ್ರೀತಿಯಿಂದಲೇ. ಆದರೆ ಹೀಗೇ ಮುಂದುವರಿದರೆ ಗಿಡ ಉಳಿಯುವುದಿಲ್ಲ. ನಾನು ನೋಡಿದ ಮಟ್ಟಿಗೆ ಚಟ್ಟಿಯ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಮುಳುಗಿ ಸಾಯುವುದೇ ಜಾಸ್ತಿ.

ಮೊದಲು ಗಿಡದ ಪರಿಚಯ ಆಗಲಿ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಟ್ಯಾಪಿಂಗ್ ಮಾಡುವ ರಬ್ಬರ್ ಮರ ಇದಲ್ಲ. ಅದು ಬ್ರೆಜಿಲ್ ಮೂಲದ ಹೆವಿಯಾ, ನಾವು ತಿನ್ನುವ ಮರಗೆಣಸಿನ ಕುಟುಂಬದ್ದು. ಚಟ್ಟಿಯಲ್ಲಿರುವುದು ಫೈಕಸ್ ಇಲಾಸ್ಟಿಕಾ. ಗೋಳಿ, ಅಶ್ವತ್ಥ, ಅತ್ತಿ ಇವೆಲ್ಲ ಅದರ ಒಡಹುಟ್ಟುಗಳು, ಹಲಸು ದಾಯಾದಿ. ಅದರ ಊರು ಅಸ್ಸಾಂ, ಮೇಘಾಲಯದಿಂದ ಇಂಡೋನೇಷ್ಯದವರೆಗಿನ ಮಳೆಕಾಡು. ಮೇಘಾಲಯದ ಖಾಸಿ ಜನರು ಹೊಳೆಗೆ ಅಡ್ಡಲಾಗಿ ಹೆಣೆದು ಬೆಳೆಸುವ ಬೇರಿನ ಸೇತುವೆ ಉಂಟಲ್ಲ, ಅದು ಇದೇ ಮರದ ಬೇರು. ಹೆವಿಯಾ ಬರುವ ಮೊದಲು ಅಸ್ಸಾಮಿನಲ್ಲಿ ಇದರ ಹಾಲಿನಿಂದಲೂ ರಬ್ಬರ್ ಮಾಡುತ್ತಿದ್ದರು.

ಅಷ್ಟು ದೊಡ್ಡ ಮರ ಒಂದು ಚಟ್ಟಿಯಲ್ಲಿ ಹೇಗೆ ಬದುಕುತ್ತದೆ? ಹಳೆ ಗೋಡೆಯ ಬಿರುಕಿನಲ್ಲಿ ಗೋಳಿ ಮೊಳೆತದ್ದನ್ನು ನೆನಪಿಸಿಕೊಳ್ಳಿ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಬೀಜ ಮೊಳೆಯುತ್ತದೆ. ಕಾಡಿನಲ್ಲಿ ರಬ್ಬರ್ ಗಿಡವೂ ಹೆಚ್ಚಾಗಿ ಹೀಗೆಯೇ, ಬೇರೊಂದು ಮರದ ಕವಲಿನಲ್ಲಿ ಬಾಳು ಶುರುಮಾಡುತ್ತದೆ. ಅಲ್ಲಿ ಬೆಳಕು ಸ್ವಲ್ಪ, ಮಣ್ಣು ಒಂದು ಹಿಡಿ. ಆದರೆ ಬೇರಿಗೆ ಗಾಳಿ ಧಾರಾಳ. ಆದ್ದರಿಂದಲೇ ಎಳೆ ಗಿಡ ನಮ್ಮ ತರಗತಿಯ ನೆರಳನ್ನು ತಡೆದುಕೊಳ್ಳುತ್ತದೆ. ಕೆಸರನ್ನು ಮಾತ್ರ ತಡೆದುಕೊಳ್ಳುವುದಿಲ್ಲ.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಆಮ್ಲಜನಕ ಅದಕ್ಕೆ ಬೇಕು. ಸಂದುಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಒಳಗೆ ಹೋಗುವ ವೇಗ ಗಾಳಿಯಲ್ಲಿದ್ದುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆಯಾಗುತ್ತದೆ. ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರುವುದಿಲ್ಲ. ನೀರಿನ ಮಧ್ಯೆ ನಿಂತೇ ಎಲೆಗಳು ಬಾಯಾರಿದವರ ಹಾಗೆ ಜೋಲುತ್ತವೆ. ನಾವು ಇನ್ನೊಂದು ಚೊಂಬು ಹೊಯ್ಯುತ್ತೇವೆ! ಮಳೆಗಾಲದಲ್ಲಂತೂ ಬೆಳಕು ಮಂದ, ಗಾಳಿಯಲ್ಲಿ ತೇವ ಹೆಚ್ಚು; ಬಾಷ್ಪವಿಸರ್ಜನೆ ಬಹಳ ಕಡಿಮೆ. ಗಿಡ ಖರ್ಚು ಮಾಡದ ನೀರನ್ನು ನಾವು ಯಾಕೆ ತುಂಬಬೇಕು?

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ. ಒಣಗಿದ್ದರೆ ಮಾತ್ರ ನೀರು, ಅದೂ ಅಡಿಯ ತೂತಿನಿಂದ ಹರಿದು ಬರುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಮಣ್ಣಿಗೆ ಹೊಯಿಗೆ, ಸ್ವಲ್ಪ ಹುಡಿ ಹಟ್ಟಿಗೊಬ್ಬರ ಸೇರಿಸಿದರೆ ಸಾಕು.

ಇನ್ನು ಬೆಳಕು. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ನಮ್ಮ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಗಿಡಕ್ಕೆ ಅದು ಅರೆಹೊಟ್ಟೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದಲ್ಲಿ ಇಡಿ. ಇಟ್ಟ ಮೇಲೆ ವಾರಕ್ಕೊಮ್ಮೆ ಜಾಗ ಬದಲಿಸುತ್ತಾ ಇರಬೇಡಿ. ಬೆಳಕು ತಟ್ಟನೆ ಕಡಿಮೆಯಾದರೆ ಹಳೆ ಎಲೆ ಸಾಕುವುದು ಗಿಡಕ್ಕೆ ನಷ್ಟ. ಎಲೆಯಿಂದ ಇಳಿಯುವ ಆಕ್ಸಿನ್ ತಗ್ಗಿ, ತೊಟ್ಟಿನ ಬುಡದಲ್ಲಿ ಒಂದು ಪದರದ ಕೋಶಗಳು ಸಡಿಲವಾಗಿ ಎಲೆ ಕಳಚುತ್ತದೆ. ಇದು ರೋಗವಲ್ಲ, ಗಿಡದ ಲೆಕ್ಕಾಚಾರ. ವರ್ಷಕ್ಕೆ ಒಂದೆರಡು ಹಳೆ ಎಲೆ ಬಿದ್ದರೆ ಹೆದರಬೇಡಿ. ಆದರೆ ಮಣ್ಣು ಒದ್ದೆಯಿದ್ದು ಒಂದೇ ವಾರದಲ್ಲಿ ನಾಲ್ಕೈದು ಬಿದ್ದರೆ ಚಟ್ಟಿ ಕವುಚಿ ಬೇರು ನೋಡಿ. ಕಪ್ಪಾಗಿ ಮೆತ್ತಗಾದದ್ದನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ.

ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪತ್ರರಂಧ್ರಗಳು ಮುಚ್ಚುತ್ತವೆ ಅಂತ ಕೆಲವರು ಹೇಳ್ತಾರೆ, ಆದರೆ ಈ ಗಿಡದಲ್ಲಿ ಅವು ಇರುವುದು ಎಲೆಯ ಅಡಿಭಾಗದಲ್ಲಿ. ಮೇಲಿನ ಧೂಳು ತಡೆಯುವುದು ಬೆಳಕನ್ನು. ನಂಬಿಕೆ ಬಾರದಿದ್ದರೆ ಒಂದೇ ಗಾತ್ರದ ಎರಡು ಎಲೆ ಕೀಳಿ, ತೊಟ್ಟಿನ ಹಾಲು ಒಣಗಲಿ. ಒಂದರ ಮೇಲ್ಮೈಗೆ, ಇನ್ನೊಂದರ ಅಡಿಗೆ ವ್ಯಾಸಲೀನ್ ಹಚ್ಚಿ, ತೂಗಿ, ನೂಲಿನಲ್ಲಿ ನೇತುಹಾಕಿ. ಎರಡು ದಿನ ಬಿಟ್ಟು ಮತ್ತೆ ತೂಗಿ, ಯಾವುದು ಹೆಚ್ಚು ಹಗುರವಾಗಿದೆ ನೋಡಿ. ಹಾಲು ಕಣ್ಣಿಗೆ ತಾಗದಿರಲಿ, ಕೈಯಲ್ಲಿ ತುರಿಕೆಯೂ ಬರಬಹುದು. ಸಾಬೂನು ಹಾಕಿ ತೊಳೆಯಿರಿ.

ಬೇಸಗೆ ರಜೆಗೆ ಮೊದಲು ಚಟ್ಟಿಯನ್ನು ನೆರಳಿರುವ ಜಗಲಿಗೆ ತನ್ನಿ. ಶಾಲೆಯ ಹತ್ತಿರದ ಮನೆಯವರೊಬ್ಬರು ಬೆರಳು ಚುಚ್ಚಿ ನೋಡುವ ಕೆಲಸ ವಹಿಸಿಕೊಳ್ಳಲಿ. ದೊಡ್ಡದಾಯಿತೆಂದು ಬಾವಿಕಟ್ಟೆಯ ಬಳಿ ನೆಡುವುದು ಮಾತ್ರ ಬೇಡವೇ ಬೇಡ. ಗೋಳಿಯ ಬೇರು ಕಲ್ಲುಕಟ್ಟಡಕ್ಕೆ ಏನು ಮಾಡುತ್ತದೆಂದು ನಿಮಗೆ ಗೊತ್ತುಂಟು. ಅದರ ಬದಲು ತುದಿಯನ್ನೇ ಕತ್ತರಿಸಿ. ತುದಿಮೊಗ್ಗು ಹೋದರೆ ಕೆಳಗಿನ ಮೊಗ್ಗುಗಳು ಎಚ್ಚರವಾಗಿ ಕವಲೊಡೆಯುತ್ತವೆ. ಕತ್ತರಿಸಿದ ದಿನಾಂಕ ಬರೆದಿಡಿ. ಮೊದಲ ಮೊಗ್ಗು ಉಬ್ಬಲು ಎಷ್ಟು ದಿನ ಹಿಡಿಯಿತು ಎಂದು ನಮಗೆ ಬರೆದು ಕಳುಹಿಸಿ.